ನೇಣಿಗೆ ದಕ್ಕದವನ ಯಂತ್ರ

— ದೊಡ್ಡಪ್ಪ, ಈ ಸಿನಿಮಾ ನಡುವಿಗೆ ಬಂದು ಮುರಿದು ಬಿದ್ದಿದೆ. ಮೊದಲರ್ಧ ವಿಜ್ಞಾನದ ಪರ ವಕಾಲತ್ತು, ಉಳಿದರ್ಧ ಒಬ್ಬರಾದ ಮೇಲೆ ಒಬ್ಬರ ಕೊಲೆ. ಅದೇ ಮನುಷ್ಯ ಆ ದಡದಿಂದ ಈ ದಡಕ್ಕೆ ಹೇಗೆ ಬಂದ ಅಂತ ತೋರಿಸೋ ಗೋಜಿಗೇ ಹೋಗಿಲ್ಲ. ನೀವು ಇದನ್ನ ಇಷ್ಟೊಂದು ಹಚ್ಚಿಕೊಂಡಿರೋದು ಯಾಕೆ?

— ಮುರಿದಿದೆ, ಒಪ್ಪಿದೆ. ಆದರೆ ಆ ಮುರಿದ ಜಾಗದಲ್ಲೇ ನನಗೆ ಬೇಕಾದದ್ದು ಸಿಗುತ್ತೆ ಕಣಮ್ಮ. 'ದಿ ಮ್ಯಾನ್ ದೆ ಕುಡ್ ನಾಟ್ ಹ್ಯಾಂಗ್', 1939ರ ಆಗಸ್ಟ್‌ನಲ್ಲಿ ಹಾಲಿವುಡ್‌ನ ಕೊಲಂಬಿಯಾ ಕಂಪನಿ ಹೊರಗೆ ಬಿಟ್ಟ ಚಿತ್ರ. ಇನ್ನೆರಡು ವಾರಕ್ಕೆ ಯೂರೋಪಿನಲ್ಲಿ ಯುದ್ಧ ಶುರು. ದೊಡ್ಡ ಚಿತ್ರದ ಜೊತೆ ಅದೇ ಟಿಕೆಟ್ಟಿಗೆ ತೋರಿಸೋ ಬಿ ದರ್ಜೆಯ ಸರಕು, ಕಡಿಮೆ ಖರ್ಚು, ಒಟ್ಟು 64 ನಿಮಿಷ. ನಿಕ್ ಗ್ರಿಂಡ್ ನಿರ್ದೇಶನ. ಚಿತ್ರಕಥೆ ಬರೆದ ಕಾರ್ಲ್ ಬ್ರೌನ್ ಮೂಕಿ ಚಿತ್ರಗಳ ಕಾಲದಲ್ಲಿ ನಿರ್ದೇಶಕ ಗ್ರಿಫಿತ್‌ನ ಕ್ಯಾಮೆರಾಮನ್ ಬಿಟ್ಜರ್ ಕೈಕೆಳಗೆ ಹುಡುಗನಾಗಿ ಕೆಲಸ ಕಲಿತವನು. ಇಂಥವರ ಕೈಯಲ್ಲಿ ಆತುರದ ಕೆಲಸ ಆಗಬಹುದು, ಪೂರ್ತಿ ಪೊಳ್ಳು ಕೆಲಸ ಆಗೋದಿಲ್ಲ.

— ಸರಿ, ಕಥೆಯನ್ನ ನಾನು ಮೊಕದ್ದಮೆಯ ಥರ ಮುಂದಿಡ್ತೀನಿ, ತಪ್ಪಿದ್ದರೆ ತಿದ್ದಿ. ಡಾಕ್ಟರ್ ಹೆನ್ರಿಕ್ ಸಾವಾರ್ಡ್. ಬೋರಿಸ್ ಕಾರ್ಲಾಫ್ ಮಾಡಿರೋ ಪಾತ್ರ. ನಿಂತ ಹೃದಯದ ಬದಲಿಗೆ ರಕ್ತ ಹರಿಸೋ ಒಂದು ಗಾಜಿನ ಯಂತ್ರ ಮಾಡಿದ್ದಾನೆ. ಅದರಿಂದ ಸತ್ತವರನ್ನ ಬದುಕಿಸಬಹುದು ಅನ್ನೋದು ಅವನ ನಂಬಿಕೆ. ಬಾಬ್ ಅನ್ನೋ ವೈದ್ಯಕೀಯ ವಿದ್ಯಾರ್ಥಿ ತಾನಾಗಿ ಒಪ್ಪಿ ಮೇಜಿನ ಮೇಲೆ ಮಲಗ್ತಾನೆ. ಸಾವಾರ್ಡ್ ಅವನ ಪ್ರಾಣ ತೆಗೀತಾನೆ, ಮರಳಿ ತರೋ ಭರವಸೆ ಇಟ್ಟುಕೊಂಡು. ಬಾಬ್‌ನ ಮದುವೆಯಾಗಬೇಕಾದ ಹುಡುಗಿ ಬೆಟಿ, ಅದೇ ಸಾವಾರ್ಡ್ ಹತ್ತಿರ ನರ್ಸ್. ಅವಳು ಹೆದರಿ ಪೊಲೀಸರನ್ನ ಕರೆದು ತರ್ತಾಳೆ. ಇನ್ನು ಸ್ವಲ್ಪ ಹೊತ್ತು ಬಿಡಿ, ಹುಡುಗ ಎದ್ದು ಕೂರ್ತಾನೆ ಅಂತ ಸಾವಾರ್ಡ್ ಅಂಗಲಾಚ್ತಾನೆ. ಯಾರೂ ಬಿಡೋದಿಲ್ಲ. ಬಾಬ್ ಸತ್ತೇ ಹೋಗ್ತಾನೆ. ಕೋರ್ಟು, ಜ್ಯೂರಿ, ನೇಣು. ಸಹಾಯಕ ಲ್ಯಾಂಗ್ ಹೆಣವನ್ನ ತಂದು ಅದೇ ಯಂತ್ರದಿಂದ ಗುರುವನ್ನ ಬದುಕಿಸ್ತಾನೆ. ಅಲ್ಲಿಂದ ಮುಂದೆ ಅವನಿಗೆ ಶಿಕ್ಷೆ ಕೊಟ್ಟವರೆಲ್ಲ ಸಾಯೋಕೆ ಶುರು.

— ಒಂದಕ್ಷರ ತಪ್ಪಿಲ್ಲ. ಹೇಳು, ಕೋರ್ಟಿನ ಭಾಗ ನಿನಗೆ ಹೇಗೆ ಕಾಣಿಸ್ತು? ದಿನಾ ಅಲ್ಲೇ ನಿಂತು ವಾದ ಮಾಡೋಳು ನೀನು.

— ಅಲ್ಲೇ ನಾನು ಮೊದಲು ಸಿಟ್ಟಾದದ್ದು. ಅಮೆರಿಕದವರ ಹಳೇ ಕಾನೂನಿನಲ್ಲಿ, ಇಂಗ್ಲೆಂಡಿನದ್ದರಲ್ಲೂ ಅಷ್ಟೇ, ಸಾಯೋಕೆ ನಾನೇ ಒಪ್ಪಿದ್ದೆ ಅನ್ನೋದು ಕೊಂದವನನ್ನ ಕಾಪಾಡೋದಿಲ್ಲ. ಬಾಬ್‌ನ ಒಪ್ಪಿಗೆಗೆ ಅಲ್ಲಿ ಬೆಲೆ ಇಲ್ಲ. ಆದರೆ ಇದೇ ಪ್ರಕರಣ ನಮ್ಮಲ್ಲಿ ನಡೆದಿದ್ದರೆ? 1860ರ ದಂಡ ಸಂಹಿತೆಯ 300ನೇ ಕಲಮಿಗೆ ಐದನೇ ಅಪವಾದ ಅಂತ ಒಂದಿತ್ತು. ಹದಿನೆಂಟು ದಾಟಿದವನು ತಾನೇ ಒಪ್ಪಿ ಸಾವಿಗೋ ಸಾವಿನ ಅಪಾಯಕ್ಕೋ ಮೈಯೊಡ್ಡಿದ್ದರೆ, ಕೊಂದವನ ಮೇಲೆ ಕೊಲೆಯ ಅಪರಾಧ ನಿಲ್ಲೋದಿಲ್ಲ. ಕೊಲೆಯಲ್ಲದ ನರಹತ್ಯೆ ಆಗುತ್ತೆ. ಶಿಕ್ಷೆ ಇದ್ದೇ ಇದೆ, ಜೈಲು ತಪ್ಪೋದಿಲ್ಲ, ಆದರೆ ನೇಣಿಲ್ಲ. 2024ರ ಜುಲೈನಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 101ನೇ ಕಲಮಿನಲ್ಲೂ ಆ ಅಪವಾದವನ್ನ ಹಾಗೇ ಉಳಿಸಿಕೊಂಡಿದ್ದಾರೆ.

— ಅಂದರೆ ಸಾವಾರ್ಡ್ ನಿನ್ನ ಕಕ್ಷಿದಾರನಾಗಿದ್ದರೆ ಬದುಕ್ತಿದ್ದ.

— ಬದುಕ್ತಿದ್ದ. ಅದಕ್ಕೇ ಹೇಳ್ತೀನಿ, ಅವನ ಮೇಲಾದ ಅನ್ಯಾಯ ಕಟ್ಟುಕಥೆಯಲ್ಲ. ತಪ್ಪು ಮಾಡಿದ್ದಾನೆ ನಿಜ. ಮೇಲ್ವಿಚಾರಣೆ ಇಲ್ಲ, ಯಾರ ಅನುಮತಿಯೂ ಇಲ್ಲ, ಮನೆಯ ಪ್ರಯೋಗಶಾಲೆಯಲ್ಲಿ ತನ್ನನ್ನ ನಂಬಿದ ಹುಡುಗನ ಮೇಲೆ ಪ್ರಯೋಗ. ಇವತ್ತಿನ ಯಾವ ನೈತಿಕ ಸಮಿತಿಯೂ ಇದಕ್ಕೆ ಒಪ್ಪೋದಿಲ್ಲ, ಒಪ್ಪಬಾರದು. ಆದರೆ ಮಾಡಿದ ತಪ್ಪೇ ಬೇರೆ, ಹೊರಿಸಿದ ಅಪರಾಧವೇ ಬೇರೆ. ಇವೆರಡರ ನಡುವಿನ ಅಂತರದಲ್ಲೇ ಅವನ ಕುತ್ತಿಗೆಗೆ ಹಗ್ಗ ಬಿತ್ತು.

— ಅವನು ಕೋರ್ಟಿನಲ್ಲಿ ಹೇಳಿದ್ದನ್ನ ನಾನು ಬೇರೆ ಕಿವಿಯಿಂದ ಕೇಳ್ತೀನಿ. ಓಡ್ತಿರೋ ಹೃದಯದ ಮೇಲೆ ಕತ್ತರಿ ಆಡಿಸೋಕೆ ಆಗೋದಿಲ್ಲ, ಅದನ್ನ ನಿಲ್ಲಿಸಿ, ದೇಹವನ್ನ ಬೇರೆ ದಾರಿಯಿಂದ ಕಾಪಾಡಿ, ನಿಧಾನವಾಗಿ ರಿಪೇರಿ ಮಾಡಿ, ಮತ್ತೆ ಓಡಿಸಬೇಕು: ಅವನ ವಾದದ ತಿರುಳು ಇದು. ಕೇಳಿದ ಜ್ಯೂರಿಗೆ ಅದು ಹುಚ್ಚು. ನನಗೆ ಅದು ಕೆಲಸದ ದಿನಚರಿ. ಪರ್ಫ್ಯೂಷನಿಸ್ಟ್ ಆಗಿ ಓಟಿಯಲ್ಲಿ ಹಾರ್ಟ್-ಲಂಗ್ ಮೆಷಿನ್ ಮುಂದೆ ಕೂತೇ ನನ್ನ ಸರ್ವಿಸು ಮುಗಿದದ್ದು. ದೇಹದಿಂದ ಕಪ್ಪು ರಕ್ತ ತನ್ನ ಭಾರಕ್ಕೆ ತಾನೇ ಇಳಿದು ರಿಸರ್ವಾಯರ್‌ಗೆ ಬರುತ್ತೆ, ಆಕ್ಸಿಜನೇಟರ್‌ನಲ್ಲಿ ಕೆಂಪಾಗುತ್ತೆ, ಪಂಪ್ ಅದನ್ನ ಮಹಾಪಧಮನಿಗೆ ಕಳಿಸುತ್ತೆ. ಸರ್ಜನ್ ಕ್ಲಾಂಪ್ ಹಾಕಿ ಪೊಟ್ಯಾಸಿಯಂ ದ್ರಾವಣ ಬಿಟ್ಟರೆ ಹೃದಯ ನಿಂತೇ ಹೋಗುತ್ತೆ. ಮಾನಿಟರಿನಲ್ಲಿ ಗೆರೆ ಚಪ್ಪಟೆ. ಕೆಲಸ ಮುಗಿದ ಮೇಲೆ ಕ್ಲಾಂಪ್ ತೆಗೆದರೆ ಅದು ತಾನೇ ಒಮ್ಮೆ ನಡುಗಿ, ಮಿಡಿಯೋಕೆ ಶುರು ಮಾಡುತ್ತೆ. ಎಷ್ಟು ಸಲ ನೋಡಿದರೂ ಆ ಗಳಿಗೆಯಲ್ಲಿ ನನ್ನ ಉಸಿರು ಹಿಡಿದುಕೊಳ್ತಿತ್ತು.

— 1939ರಲ್ಲಿ ಇದು ಯಾರಿಗೂ ಗೊತ್ತಿರಲಿಲ್ವಾ?

— ಹಾಗಲ್ಲ. ಜಾನ್ ಗಿಬ್ಬನ್ ಅನ್ನೋ ಸರ್ಜನ್ ಇದ್ದ. 1931ರಲ್ಲಿ ಬಾಸ್ಟನ್ನಿನಲ್ಲಿ, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡ ಒಬ್ಬ ರೋಗಿಯ ಪಕ್ಕ ರಾತ್ರಿಯಿಡೀ ಕೂತು ಸಾವನ್ನ ಕಣ್ಣಾರೆ ನೋಡಿದ. ಆ ರಕ್ತವನ್ನ ಹೊರಗೆ ತೆಗೆದು, ಪ್ರಾಣವಾಯು ಸೇರಿಸಿ, ಮತ್ತೆ ಒಳಗೆ ಕಳಿಸೋಕೆ ಆಗಿದ್ದರೆ ಅನ್ನೋ ಯೋಚನೆ ಅವನ ತಲೆ ಹೊಕ್ಕಿದ್ದು ಆವಾಗ. ಬೆಕ್ಕುಗಳ ಮೇಲೆ ಪ್ರಯೋಗ ಮಾಡಿದ. ಯಂತ್ರದ ಆಸರೆಯಲ್ಲಿದ್ದ ಬೆಕ್ಕುಗಳು ಆಮೇಲೂ ಬದುಕಿ ಉಳಿದವು ಅಂತ ಪ್ರಕಟಿಸಿದ್ದು ಇದೇ 1939ರಲ್ಲಿ. ಮನುಷ್ಯರ ಮೇಲೆ ಮೊದಲ ಗೆಲುವು ಸಿಗೋಕೆ 1953ರ ಮೇ 6 ಬರಬೇಕಾಯ್ತು, ಫಿಲಡೆಲ್ಫಿಯಾದಲ್ಲಿ. ಹದಿನೆಂಟರ ಹುಡುಗಿಯ ಹೃದಯದ ಗೋಡೆಯಲ್ಲಿದ್ದ ತೂತು ಮುಚ್ಚಿದರು. ಹೃದಯಕ್ಕೂ ಶ್ವಾಸಕೋಶಕ್ಕೂ ಯಂತ್ರ ಪೂರ್ತಿಯಾಗಿ ನಿಂತು ಕೆಲಸ ಮಾಡಿದ್ದು 26 ನಿಮಿಷ. ಅದರ ಹಿಂದೆ ಇಪ್ಪತ್ತೆರಡು ವರ್ಷ ಇದೆ, ನೆನಪಿಟ್ಟುಕೋ.

— ಆದರೆ ಸಿನಿಮಾದವರು ನೋಡಿ ಬರೆದದ್ದು ಗಿಬ್ಬನ್‌ನನ್ನಲ್ಲ, ಅಲ್ವಾ? ನೀವು ಹಿಂದೆ ಯಾವುದೋ ನಾಯಿಯ ವಿಷಯ ಹೇಳಿದ್ದಿರಿ.

— ರಾಬರ್ಟ್ ಕಾರ್ನಿಷ್. ಕ್ಯಾಲಿಫೋರ್ನಿಯಾದ ಬರ್ಕ್ಲಿಯವನು. ಹದಿನೆಂಟಕ್ಕೆ ಪದವಿ, ಇಪ್ಪತ್ತೆರಡಕ್ಕೆ ಡಾಕ್ಟರೇಟು. ಸತ್ತ ದೇಹವನ್ನ ಏತದಂಥ ಹಲಗೆಗೆ ಕಟ್ಟಿ ಮೇಲಕ್ಕೂ ಕೆಳಕ್ಕೂ ತೂಗಿದರೆ ರಕ್ತ ಹರಿಯುತ್ತೆ ಅಂತ ಅವನ ಲೆಕ್ಕ. ಅದರ ಜೊತೆ ಅಡ್ರಿನಲಿನ್, ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್. 1934ರಲ್ಲಿ ಕೊಂದ ನಾಯಿಗಳಲ್ಲಿ ಒಂದೆರಡಕ್ಕೆ ಮರಳಿ ಜೀವ ತಂದ. ಬೈಬಲ್ಲಿನಲ್ಲಿ ಸತ್ತು ಎದ್ದು ಬಂದವನ ನೆನಪಿಗೆ ಅವಕ್ಕೆ ಲ್ಯಾಜರಸ್ ಅಂತ ಹೆಸರಿಟ್ಟಿದ್ದ. ಅವು ಬದುಕಿದವು, ಆದರೆ ಮೆದುಳು ಪೂರ್ತಿ ಸರಿಹೋಗಲಿಲ್ಲ. ಯೂನಿವರ್ಸಲ್ ಕಂಪನಿ ಆ ಪ್ರಯೋಗದ ನಿಜವಾದ ಚಿತ್ರೀಕರಣವನ್ನೇ ಇಟ್ಟುಕೊಂಡು 1935ರಲ್ಲಿ 'ಲೈಫ್ ರಿಟರ್ನ್ಸ್' ಅಂತ ಒಂದು ಚಿತ್ರ ಮಾಡ್ತು. ಕಾರ್ನಿಷ್ ಅದರಲ್ಲಿ ತಾನಾಗಿಯೇ ಕಾಣಿಸಿಕೊಳ್ತಾನೆ. ಮರಣದಂಡನೆಯಾದ ಕೈದಿಯ ಮೇಲೆ ಪ್ರಯೋಗ ಮಾಡೋಕೆ ಬಿಡಿ ಅಂತ ಅವನು ಸರ್ಕಾರವನ್ನ ಕೇಳಿದ್ದೂ ಉಂಟು. ಸಾನ್ ಕ್ವೆಂಟಿನ್ ಜೈಲಿನ ಒಬ್ಬ ಕೈದಿ ತಾನಾಗೇ ಒಪ್ಪಿದ್ದ. ಸರ್ಕಾರ ಕೊನೆಗೂ ಬಿಡಲಿಲ್ಲ. 1948ರಲ್ಲಿ ಆ ಕೈದಿಗೆ ಶಿಕ್ಷೆಯಾಗಿ ಕಥೆ ಮುಗೀತು.

— ಒಂದು ಕಾನೂನಿನ ಪ್ರಶ್ನೆ ಬರುತ್ತೆ. ಎದ್ದು ಕೂತಿದ್ದರೆ ಅವನನ್ನ ಬಿಡಬೇಕಾಗ್ತಿತ್ತಾ? ಪ್ರಾಣ ಹೋಗೋವರೆಗೆ ಅಂತ ತಾನೇ ಶಿಕ್ಷೆಯ ಆದೇಶದಲ್ಲಿ ಬರೆಯೋದು. ಪ್ರಾಣ ಹೋಗಿದೆ ಅಂತ ವೈದ್ಯ ಸಹಿ ಹಾಕಿದ ಮೇಲೆ ಶಿಕ್ಷೆ ಮುಗೀತು. ಸಾವಾರ್ಡ್‌ನ ಧೈರ್ಯ ನಿಂತಿರೋದೇ ಇದರ ಮೇಲೆ. ಸರ್ಕಾರದ ದಾಖಲೆಯಲ್ಲಿ ಅವನು ಇಲ್ಲ. ಇಲ್ಲದವನ ಮೇಲೆ ಯಾರು ವಾರಂಟು ತರ್ತಾರೆ?

— ಅದು ನನಗೆ ಹೊಳೆದಿರಲಿಲ್ಲ.

— ಆದರೆ ನಿಮ್ಮ ಯಂತ್ರದ ಲೆಕ್ಕವೂ ಚಿತ್ರದಲ್ಲಿ ನಿಲ್ಲೋದಿಲ್ಲ, ಅದನ್ನೂ ಹೇಳಿ.

— ಎಲ್ಲಿ ನಿಲ್ಲುತ್ತೆ? ಮಾಮೂಲಿ ಉಷ್ಣತೆಯಲ್ಲಿ ರಕ್ತ ನಿಂತರೆ ನಾಲ್ಕೈದು ನಿಮಿಷಕ್ಕೆ ಮೆದುಳು ಹಾಳಾಗೋಕೆ ಶುರು. ದೇಹವನ್ನ 18 ಡಿಗ್ರಿಗೆ ಇಳಿಸಿದರೂ ಅರ್ಧ ಗಂಟೆಯ ಮೇಲೆ ನಾವು ಗಡಿಯಾರದಿಂದ ಕಣ್ಣು ಕೀಳ್ತಿರಲಿಲ್ಲ. ಜೈಲಿನಿಂದ ಹೆಣ ತಂದು, ನೇಣಿಗೆ ಮುರಿದ ಕುತ್ತಿಗೆಯನ್ನೂ ಸರಿ ಮಾಡಿ, ಮನುಷ್ಯ ಮೊದಲಿನ ಬುದ್ಧಿಯಲ್ಲೇ ಎದ್ದು ಮಾತಾಡ್ತಾನೆ ಅಂದರೆ ಅದು ಪವಾಡ. ಗಾಜಿನ ಬುರುಡೆಗಳಲ್ಲಿ ದ್ರವ ಉಕ್ಕೋದು ನೋಡೋಕೆ ಚೆಂದ, ಅಷ್ಟೆ. ನನಗೆ ಅದರಿಂದ ಬೇಸರವಿಲ್ಲ. ಯೋಚನೆಯ ದಿಕ್ಕು ಸರಿಯಿತ್ತು.

— ಮುರಿದ ಜಾಗಕ್ಕೆ ಬನ್ನಿ ಈಗ. ಅವನು ಕಣ್ಣು ಬಿಟ್ಟ. ಆಮೇಲೆ ಚಿತ್ರ ನಮಗೆ ಏನೂ ತೋರಿಸದೆ ಮುಂದಕ್ಕೆ ಹಾರುತ್ತೆ. ಹನ್ನೆರಡು ಜ್ಯೂರಿಗಳಲ್ಲಿ ಆರು ಜನ ಆಗಲೇ ಸತ್ತಿದ್ದಾರೆ. ಎಲ್ಲರದ್ದೂ ನೇಣು, ಎಲ್ಲವೂ ಆತ್ಮಹತ್ಯೆ ಅಂತ ದಾಖಲು. ಫೋಲಿ ಅನ್ನೋ ಪತ್ರಕರ್ತನಿಗೆ ಅನುಮಾನ ಬಂದು ಅದು ನಮಗೂ ಗೊತ್ತಾಗುತ್ತೆ. ಆರು ಕೊಲೆ ದೊಡ್ಡಪ್ಪ! ಒಂದರ ಮುಖವನ್ನೂ ತೋರಿಸಲಿಲ್ಲ. ಮೊದಲ ಕೊಲೆಗೆ ಹೋಗೋ ಮುಂಚೆ ಅವನ ಕೈ ನಡುಗಿತಾ? ಅದು ಗೊತ್ತಾಗದೆ ಅವನನ್ನ ನಾನು ಹೇಗೆ ಅಳೀಲಿ?

— ದುಡ್ಡಿಲ್ಲ, ಹೊತ್ತಿಲ್ಲ. ಅದೊಂದು ಕಾರಣ. ಇನ್ನೊಂದನ್ನೂ ಹೇಳಬೇಕು. ಅದಕ್ಕೂ ಒಂದೆರಡು ವರ್ಷ ಮುಂಚೆ ಭಯಾನಕ ಚಿತ್ರಗಳ ಕಸುಬೇ ನಿಂತುಹೋಗಿತ್ತು. ಬ್ರಿಟನ್ನಿನ ಸೆನ್ಸಾರಿನವರು 1937ರಲ್ಲಿ ಇಂಥ ಚಿತ್ರಗಳಿಗೆ 'ಎಚ್' ಅನ್ನೋ ಬೇರೆ ಸರ್ಟಿಫಿಕೇಟು ತಂದರು, ಹದಿನಾರರ ಒಳಗಿನವರಿಗೆ ಪ್ರವೇಶವಿಲ್ಲ. ಆ ಮಾರುಕಟ್ಟೆ ಕೈಬಿಟ್ಟಿತು ಅಂತ ಹಾಲಿವುಡ್ ಕೈಚೆಲ್ಲಿ ಕೂತಿತ್ತು. 1938ರಲ್ಲಿ ಲಾಸ್ ಏಂಜಲಿಸ್‌ನ ಒಂದು ಚಿಕ್ಕ ಥಿಯೇಟರಿನಲ್ಲಿ ಹಳೇ 'ಡ್ರಾಕುಲಾ', 'ಫ್ರಾಂಕನ್‌ಸ್ಟೈನ್' ಹಾಕಿದಾಗ ಜನ ಮುಗಿಬಿದ್ದರು. ಮತ್ತೆ ಆಸೆ ಹುಟ್ಟಿತು. ಕಾರ್ಲಾಫ್‌ಗೆ ಕೊಲಂಬಿಯಾ ಕರೆ ಬಂದದ್ದು ಆ ಗಾಳಿಯಲ್ಲೇ. ಹಾಗಾಗಿ ಕೊಲೆ ಬೇಕು, ಆದರೆ ಸೆನ್ಸಾರಿನ ಕಣ್ಣಿಗೆ ಚುಚ್ಚಬಾರದು. ಆರು ಹೆಣ ತೆರೆಯ ಹಿಂದೆ ಬಿದ್ದದ್ದಕ್ಕೆ ಇವೆಲ್ಲ ಸೇರಿ ಕಾರಣ ಅಂತ ನನ್ನ ಎಣಿಕೆ.

— ಕಾರಣ ಗೊತ್ತಾದರೆ ಕೊರತೆ ತುಂಬೋದಿಲ್ವಲ್ಲ.

— ತುಂಬೋದಿಲ್ಲ. ಆದರೆ ಕಾರ್ಲಾಫ್‌ನ ಧ್ವನಿ ಕೇಳಿದೆಯಾ? ಬಾಬ್‌ನನ್ನ ಮೇಜಿನ ಮೇಲೆ ಮಲಗಿಸೋವಾಗಿನ ಮೆಲುದನಿ, ಆ ಮರ್ಯಾದೆ, ಅದೇ ಧ್ವನಿಯಲ್ಲೇ ಕೊಲ್ಲಬೇಕಾದವರನ್ನೂ ಮಾತಾಡಿಸ್ತಾನೆ. ಚಿತ್ರಕಥೆ ಕಟ್ಟದ ಸೇತುವೆಯನ್ನ ನಟ ಗಂಟಲಿನಲ್ಲಿ ಕಟ್ಟಿದ್ದಾನೆ. ಬೇರೆ ಯಾರಾದರೂ ಆಗಿದ್ದರೆ ಎರಡನೇ ಅರ್ಧಕ್ಕೆ ಹಲ್ಲು ಕಡಿದು ಕಣ್ಣು ತಿರುಗಿಸ್ತಿದ್ದರು. ಇವನು ವೈದ್ಯನಾಗೇ ಉಳಿದ, ಅದಕ್ಕೇ ಹೆಚ್ಚು ಹೆದರಿಕೆ. ಈ ಕಾರ್ಲಾಫ್‌ನ ನಿಜವಾದ ಹೆಸರು ವಿಲಿಯಂ ಹೆನ್ರಿ ಪ್ರ್ಯಾಟ್. ಅವನ ತಂದೆ ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದ ಉಪ್ಪಿನ ಸುಂಕದ ಇಲಾಖೆಯಲ್ಲಿ ಅಧಿಕಾರಿ. ಮನೆತನದಲ್ಲಿ ಭಾರತದ ರಕ್ತವೂ ಬೆರೆತಿತ್ತು. ಹುಡುಗ ಸರ್ಕಾರಿ ನೌಕರಿಗೆ ಸೇರಲಿ ಅಂತ ಮನೆಯವರ ಆಸೆ, ಅವನು ನಾಟಕದ ಹುಚ್ಚಿಗೆ ಕೆನಡಾಕ್ಕೆ ಓಡಿದ. ಇಲ್ಲಿಗೆ ಇದು ಬೇಕಿರಲಿಲ್ಲ, ಅವನ ಹೆಸರು ಬಂದರೆ ನನಗೆ ಹೇಳದೆ ಇರೋಕಾಗೋದಿಲ್ಲ.

— ಹೇಳಿ, ನಾನು ಕೇಳ್ತೀನಿ. ಆದರೆ ಮನೆಯ ದೃಶ್ಯದ ವಿಷಯ ಮಾತಾಡೋಣ. ಏನೇನೋ ನೆವ ಹೇಳಿ ಎಲ್ಲರನ್ನೂ ತನ್ನ ಮನೆಗೆ ಕರೆಸ್ತಾನೆ: ನ್ಯಾಯಾಧೀಶ, ಸರ್ಕಾರಿ ವಕೀಲ, ಜ್ಯೂರಿಯ ಮುಖಂಡ, ಬೆಟಿ. ಬಾಗಿಲು ಬೀಳುತ್ತೆ. ಕಿಟಕಿಗೆ ಕಬ್ಬಿಣ, ದಾರಿಗೆ ಅಡ್ಡವಾಗಿ ವಿದ್ಯುತ್ ಹರಿಯೋ ಜಾಲರಿ. ಇಂಥವರು ಇಂಥ ಹೊತ್ತಿಗೆ ಸಾಯ್ತಾರೆ ಅಂತ ಮೊದಲೇ ಹೇಳಿಬಿಡ್ತಾನೆ. ನ್ಯಾಯಾಧೀಶ ಜಾಲರಿ ಮುಟ್ಟಿ ಸಾಯ್ತಾನೆ. ಜ್ಯೂರಿಯ ಮುಖಂಡ ಟೆಲಿಫೋನ್ ಕಿವಿಗಿಟ್ಟರೆ ಅದರೊಳಗಿಂದ ವಿಷದ ಸೂಜಿ. ಅಗಾಥಾ ಕ್ರಿಸ್ಟಿ ಕಾದಂಬರಿಯಿಂದ ಎತ್ತಿದ್ದಾರೆ ಅಂತ ನನ್ನ ಸ್ನೇಹಿತೆ ಹೇಳಿದಳು.

— ಅದು ನನಗೆ ಅನುಮಾನ. ಹತ್ತು ಜನರನ್ನ ದ್ವೀಪಕ್ಕೆ ಕರೆಸಿ ಕೊಲ್ಲೋ ಆ ಕಾದಂಬರಿ ಪುಸ್ತಕವಾಗಿ ಹೊರಬಂದದ್ದು 1939ರ ನವೆಂಬರ್‌ನಲ್ಲಿ, ಚಿತ್ರ ಬಂದ ಮೇಲೆ. ಕೊಲಂಬಿಯಾದವರು ಎತ್ತಿದ್ದರೆ ತಮ್ಮ ಮನೆಯಿಂದಲೇ ಎತ್ತಿದ್ದಾರೆ. 1934ರಲ್ಲಿ ಅದೇ ಕಂಪನಿಯ 'ದಿ ನೈನ್ತ್ ಗೆಸ್ಟ್' ಬಂದಿತ್ತು. ಅದರಲ್ಲೂ ಕರೆದು ಕೂಡಿಹಾಕಿದ ಅತಿಥಿಗಳು, ರೇಡಿಯೋದಿಂದ ಬರೋ ಧ್ವನಿ, ಮುಟ್ಟಿದರೆ ಸುಡೋ ಗೇಟು. ಆ ಚಿತ್ರಕ್ಕೆ ಮೂಲ 1930ರ ಒಂದು ಕಾದಂಬರಿ, 'ದಿ ಇನ್‌ವಿಸಿಬಲ್ ಹೋಸ್ಟ್'.

— ಎಲ್ಲಿಂದಾದರೂ ಎತ್ತಲಿ. ಆ ದೃಶ್ಯದಲ್ಲಿ ನಾನು ಕಂಡದ್ದು ಇದು: ಸಾವಾರ್ಡ್ ಕೋರ್ಟನ್ನ ದ್ವೇಷಿಸ್ತಾನೆ, ಆದರೆ ಅವನು ಕಟ್ಟಿದ್ದು ಇನ್ನೊಂದು ಕೋರ್ಟು. ಆರೋಪಿಗಳನ್ನ ಹಾಜರು ಮಾಡಿಸಿದ, ಮೇಲೆ ನಿಂತು ಆಪಾದನೆ ಓದಿದ, ಶಿಕ್ಷೆಯ ಹೊತ್ತು ಗೊತ್ತು ಮಾಡಿದ. ಇಲ್ಲದ್ದು ಒಂದೇ, ಅವರ ಮಾತಿಗೆ ಅವಕಾಶ. ಅವನಿಗಾದರೆ ಕೋರ್ಟಿನಲ್ಲಿ ನಿಂತು ವಾದ ಮಾಡೋಕೆ ಬಿಟ್ಟಿದ್ದರು. ಕೇಳಿ ಅರ್ಥ ಮಾಡಿಕೊಳ್ಳಲಿಲ್ಲ, ಆದರೆ ಕೇಳಿದರು. ಇವನು ಅಷ್ಟೂ ಮಾಡಲಿಲ್ಲ. ತನ್ನನ್ನ ತುಳಿದ ವ್ಯವಸ್ಥೆಯಲ್ಲಿದ್ದ ಕೆಟ್ಟದ್ದನ್ನೆಲ್ಲ ಇಟ್ಟುಕೊಂಡು ಇದ್ದ ಒಂದು ಒಳ್ಳೇದನ್ನ ಹೊರಗೆ ಹಾಕಿದ.

— ಹೌದು. ಅದರ ಮೇಲೆ ನಾನು ನನ್ನದೊಂದು ಸೇರಿಸ್ತೀನಿ. ಬಾಬ್ ಮೇಜಿನ ಮೇಲಿದ್ದಾಗ ಸಾವಾರ್ಡ್ ಪೊಲೀಸರ ಹತ್ತಿರ ಬೇಡಿದ್ದೇನು? ಹೊತ್ತು. ಕಾಯಿರಿ ಅಂದ, ಬೇರೇನೂ ಕೇಳಲಿಲ್ಲ. ಅದೇ ಮನುಷ್ಯ ಆಮೇಲೆ ಗಡಿಯಾರವನ್ನ ಕೊಲ್ಲೋ ಆಯುಧ ಮಾಡಿಕೊಂಡ. ಈ ಗಂಟೆಗೆ ನೀನು, ಆ ಗಂಟೆಗೆ ಅವನು. ಓಟಿಯಲ್ಲಿ ನಾವು ಗಡಿಯಾರ ನೋಡೋದು ಒಂದೇ ಕಾರಣಕ್ಕೆ: ಮಲಗಿದವನಿಗೆ ಇನ್ನೆಷ್ಟು ಹೊತ್ತು ಇದೆ ಅಂತ. ಇವನ ಪ್ರಯೋಗಶಾಲೆಯಲ್ಲೂ ಹಾಗೇ ಇತ್ತು. ಅದನ್ನ ತಲೆಕೆಳಗು ಮಾಡಿಬಿಟ್ಟ.

— ನಿಮಗೆ ಆ ಮುರಿದ ಜಾಗದಲ್ಲಿ ಕಂಡದ್ದು ಇದೇನಾ?

— ಇದು ಅರ್ಧ. ಇನ್ನರ್ಧ ಆ ಯಂತ್ರದ್ದು. ಎರಡನೇ ಅರ್ಧದಲ್ಲಿ ಯಂತ್ರ ಎಲ್ಲಿ, ಹೇಳು.

— ಇದ್ದಿರಬೇಕು. ಮೂಲೆಯಲ್ಲೆಲ್ಲೋ.

— ಹೌದು, ಇದೆ. ಸತ್ತವರನ್ನ ಎಬ್ಬಿಸೋ ಯಂತ್ರ ಕೈಯಲ್ಲಿದೆ, ಅದು ಕೆಲಸ ಮಾಡುತ್ತೆ ಅನ್ನೋದಕ್ಕೆ ತಾನೇ ಜೀವಂತ ಸಾಕ್ಷಿ. ಊರಿನಲ್ಲಿ ಎಷ್ಟು ಮನೆಯಲ್ಲಿ ಸಾವಾಗಿಲ್ಲ? ಒಬ್ಬರ ಬಾಗಿಲಿಗೂ ಹೋಗಲಿಲ್ಲ. ಒಂದೇ ಒಂದು ಮಗುವನ್ನ ಬದುಕಿಸಿ ತೋರಿಸಿದ್ದರೆ, ಅವನನ್ನ ನೇಣಿಗೆ ಹಾಕಿದವರ ತೀರ್ಪು ಅವತ್ತೇ ಸುಳ್ಳಾಗ್ತಿತ್ತು. ಅವರು ಜೀವನವೆಲ್ಲ ತಲೆ ತಗ್ಗಿಸಿ ಓಡಾಡ್ತಿದ್ದರು. ಅದಕ್ಕಿಂತ ದೊಡ್ಡ ಸೇಡು ಬೇಕಿತ್ತಾ? ಸೇಡಿಗೆ ಬಿದ್ದ ದಿನದಿಂದ ಅವನಿಗೆ ತಾನು ಏನು ಕಂಡುಹಿಡಿದೆ ಅನ್ನೋದೇ ಮರೆತುಹೋಯ್ತು. ನಿರ್ದೇಶಕ ಇದನ್ನ ಬೇಕೆಂದೇ ಮಾಡಿದನೋ, ಆತುರದಲ್ಲಿ ಬಿಟ್ಟನೋ, ನನಗೆ ಅದು ಮುಖ್ಯವಲ್ಲ. ನಾನು ನೋಡೋವಾಗ ಆ ಯಂತ್ರ ಇಲ್ಲದ ಪ್ರತಿಯೊಂದು ದೃಶ್ಯದಲ್ಲೂ ನನಗೆ ಅದೇ ಕಾಣಿಸ್ತಿತ್ತು.

— ಬಾಬ್‌ನನ್ನೂ ಮರೆತ. ಕೋರ್ಟಿನಲ್ಲಿ ಅವನ ದೊಡ್ಡ ಆಪಾದನೆ ಅದೇ, ಬಾಬ್‌ನನ್ನ ಕೊಂದದ್ದು ನಾನಲ್ಲ, ಕಾಯದ ನೀವು ಅಂತ. ಮನೆಯ ದೃಶ್ಯಕ್ಕೆ ಬರೋ ಹೊತ್ತಿಗೆ ಎಲ್ಲ ಬರೀ ನನ್ನ ನೇಣು, ನನ್ನ ಸಾವು, ನನ್ನ ಮಾನ. ಇದು ನಾನು ಕೋರ್ಟಿನಲ್ಲಿ ನೋಡಿರೋದೇ ದೊಡ್ಡಪ್ಪ. ಅಣ್ಣನ ಸಾವಿಗೆ ಅಂತ ಮಚ್ಚು ಹಿಡಿದು ಹೋದವನು ಕಟಕಟೆಯಲ್ಲಿ ನಿಂತಾಗ ಅವನ ಬಾಯಲ್ಲಿ ಅಣ್ಣನ ಹೆಸರು ಬರೋದೇ ಇಲ್ಲ. ಊರವರ ಮುಂದೆ ತನಗಾದ ಅವಮಾನದ ಮಾತೇ ಬರುತ್ತೆ.

— ಬೆಟಿ ಮಾತ್ರ ಬಾಬ್‌ನನ್ನ ಮರೆತಿರಲಾರಳು.

— ಅವಳಿಗೆ ಈ ಸಿನಿಮಾ ಮಾಡಿದ ಅನ್ಯಾಯ ನನಗೆ ಸಹಿಸೋಕಾಗೋದಿಲ್ಲ! ಅವಳು ಮಾಡಿದ್ದೇನು? ಪ್ರೀತಿಸಿದ ಹುಡುಗನ ಉಸಿರು ನಿಲ್ಲೋದನ್ನ ನೋಡಿ ಸಹಾಯಕ್ಕೆ ಓಡಿದಳು. ಅವಳು ಕರೆದ ಸಹಾಯವೇ ಅವನನ್ನ ಕೊಂದಿತು. ಆ ಭಾರ ಹೊತ್ತು ಬದುಕಬೇಕಾದವಳು ಅವಳು. ಇಡೀ ಕಥೆಯಲ್ಲಿ ನಿಜವಾದ ದುರಂತ ಅವಳದ್ದು. ಚಿತ್ರ ಅವಳನ್ನ ಹೆದರಿ ಕಿರುಚೋಕೆ ಇಟ್ಟುಕೊಂಡಿದೆ, ಅಷ್ಟೆ. ಸಾವಾರ್ಡ್‌ನ ಪಟ್ಟಿಯಲ್ಲಿ ಅವಳ ಹೆಸರೂ ಇದೆ. ಬಾಬ್‌ಗಾಗಿ ಅಳಬೇಕಾದವರು ಜಗತ್ತಿನಲ್ಲಿ ಇಬ್ಬರೇ, ಇವನು, ಅವಳು. ಒಬ್ಬರು ಇನ್ನೊಬ್ಬರನ್ನ ಕೊಲ್ಲೋಕೆ ಹೊತ್ತು ಗೊತ್ತು ಮಾಡಿ ಕೂತಿದ್ದಾರೆ. ಈ ಇಬ್ಬರನ್ನ ಎದುರು ಬದುರು ಕೂರಿಸಿ ಐದು ನಿಮಿಷ ಮಾತಾಡಿಸಿದ್ದರೆ ಸಾಕಿತ್ತು. ಆ ಐದು ನಿಮಿಷ ಇಲ್ಲದ್ದಕ್ಕೆ ಈ ಚಿತ್ರವನ್ನ ನಾನು ದೊಡ್ಡದು ಅನ್ನಲಾರೆ.

— ಆ ಪಾತ್ರ ಮಾಡಿದ ಆ್ಯನ್ ಡೋರನ್‌ಗೆ ಅಷ್ಟು ಶಕ್ತಿ ಇತ್ತು. 1955ರಲ್ಲಿ 'ರೆಬೆಲ್ ವಿದೌಟ್ ಎ ಕಾಸ್'ನಲ್ಲಿ ಜೇಮ್ಸ್ ಡೀನ್‌ನ ತಾಯಿಯಾದವಳು ಅವಳೇ. ಕೊಟ್ಟಿದ್ದರೆ ಮಾಡ್ತಿದ್ದಳು. ನೀನು ಹೇಳಿದ್ದಕ್ಕೆ ನನ್ನ ಹತ್ತಿರ ಉತ್ತರವಿಲ್ಲ.

— ಇನ್ನೊಂದು. ಜ್ಯೂರಿಗಳೇನು ಅಧಿಕಾರಿಗಳಲ್ಲ, ಊರಿನಿಂದ ಕರೆದು ಕೂರಿಸಿದ ಸಾಮಾನ್ಯ ಜನ. ಅಂಗಡಿಯವನೋ ಗುಮಾಸ್ತನೋ. ನಮ್ಮಲ್ಲೂ ಆ ಪದ್ಧತಿ ಇತ್ತು. 1959ರ ನಾನಾವತಿ ಪ್ರಕರಣದಲ್ಲಿ ಹೆಂಡತಿಯ ಪ್ರಿಯಕರನನ್ನ ಗುಂಡಿಟ್ಟು ಕೊಂದ ನೌಕಾಪಡೆಯ ಅಧಿಕಾರಿಯನ್ನ ಬೊಂಬಾಯಿಯ ಜ್ಯೂರಿ ಎಂಟಕ್ಕೆ ಒಂದರಂತೆ ನಿರ್ದೋಷಿ ಅಂದಿತು. ಹೊರಗೆ ಜನ ಅವನಿಗೆ ಜೈಕಾರ ಹಾಕ್ತಿದ್ದರು. ಹೈಕೋರ್ಟು ಅದನ್ನ ತಳ್ಳಿಹಾಕಿ ಜೀವಾವಧಿ ಕೊಟ್ಟಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಇರಲಿಲ್ಲ. ಒಂದು ಕಡೆ ಜ್ಯೂರಿ ಕೈಯಾರೆ ಕೊಂದವನನ್ನ ಬಿಡ್ತು, ಸಿನಿಮಾದಲ್ಲಿ ಜೀವ ಮರಳಿ ತರೋಕೆ ಹೊರಟವನನ್ನ ನೇಣಿಗೆ ಕಳಿಸ್ತು. ಎರಡೂ ಕಡೆ ಆ ಕುರ್ಚಿಯಲ್ಲಿ ಕೂತವರು ತಮ್ಮ ಕಣ್ಣಿಗೆ ಸಹಜ ಅನ್ನಿಸಿದ್ದನ್ನ ಹೇಳಿದರು. ಅವರಿಗೆ ಶಿಕ್ಷೆ ಕೊಡ್ತೀನಿ ಅಂತ ಹೊರಟರೆ ಎಲ್ಲಿಗೆ ನಿಲ್ಲುತ್ತೆ?

— ಸಾವಾರ್ಡ್‌ನ ಮಗಳ ಹತ್ತಿರ ನಿಲ್ಲುತ್ತೆ. ಜ್ಯಾನೆಟ್.

— ಅದು ಚೆನ್ನಾಗಿದೆ, ಒಪ್ಪಿದೆ. ಅಪ್ಪನನ್ನ ತಡೆಯೋಕೆ ಬೇರೆ ದಾರಿಯಿಲ್ಲ ಅಂತ ಅವಳೇ ಹೋಗಿ ಆ ಜಾಲರಿಯನ್ನ ಹಿಡೀತಾಳೆ. ಅವನ ಪಟ್ಟಿಯಲ್ಲಿ ಇಲ್ಲದ ಹೆಸರು.

— ಆಗ ಯಂತ್ರದ ನೆನಪಾಗುತ್ತೆ ಅವನಿಗೆ! ಗುಂಡೇಟು ತಿಂದು ತಾನು ಸಾಯ್ತಾ ಇದ್ದಾನೆ, ಆದರೂ ಮಗಳನ್ನ ಮೇಜಿನ ಮೇಲೆ ಮಲಗಿಸಿ ಕೆಲಸಕ್ಕೆ ನಿಲ್ತಾನೆ. ಆ ಕೆಲವು ನಿಮಿಷ ನೋಡು, ಮತ್ತೆ ಅದೇ ವೈದ್ಯ. ಬಾಬ್‌ನ ಮೇಲೆ ಮಾಡೋಕೆ ಬಿಡದಿದ್ದ ಕೆಲಸವನ್ನ ಈಗ ಯಾರೂ ತಡೆಯೋದಿಲ್ಲ. ಯಾರು ಅವನಿಗೆ ಹೊತ್ತು ಕೊಡಲಿಲ್ವೋ ಅವರ ಜೊತೆಯವರೇ ಇವತ್ತು ಸುಮ್ಮನೆ ನಿಂತು ಕಾಯ್ತಾರೆ. ಮಗಳು ಕಣ್ಣು ಬಿಡ್ತಾಳೆ. ಅವನ ಮಾತು ನಿಜ ಅಂತ ಎಲ್ಲರೂ ಕಣ್ಣಾರೆ ನೋಡ್ತಾರೆ. ಆಮೇಲೆ ಆ ಯಂತ್ರಕ್ಕೇ ಗುಂಡು ಹೊಡೆದು ಪುಡಿ ಮಾಡಿ ಸಾಯ್ತಾನೆ.

— ಸಾಯಲೇಬೇಕಿತ್ತು. 1934ರಿಂದ ಹಾಲಿವುಡ್‌ನಲ್ಲಿ ಜೋಸೆಫ್ ಬ್ರೀನ್‌ನ ಕಚೇರಿ ಕಥೆಗಳ ಮೇಲೆ ಕಣ್ಣಿಟ್ಟು ಕೂತಿತ್ತು. ಕೊಂದವನು ಗೆದ್ದು ಹೋಗೋ ಹಾಗಿಲ್ಲ.

— ಅವನು ಸಾಯಲಿ, ಅದಕ್ಕೆ ನಿಯಮ ಇತ್ತು. ಯಂತ್ರ ಒಡೆಯಬೇಕು ಅಂತ ಯಾವ ನಿಯಮ ಇತ್ತು?

— ಜನ ಇದನ್ನ ಕೆಟ್ಟದ್ದಕ್ಕೆ ಬಳಸ್ತಾರೆ ಅಂತ ಅವನಿಗೆ ಅನ್ನಿಸಿರಬಹುದು. ತಾನೇ ಬಳಸಿದ ಹಾಗೆ. ಅದನ್ನ ಪಶ್ಚಾತ್ತಾಪ ಅಂತ ಯಾಕೆ ಓದಬಾರದು?

— ಪಶ್ಚಾತ್ತಾಪ ಪಟ್ಟವನು ಅದನ್ನ ಇನ್ನೊಬ್ಬ ವೈದ್ಯನ ಕೈಗೆ ಕೊಡ್ತಾನೆ. ಇದು ಅವನ ಕೊನೆಯ ತೀರ್ಪು ಕಣಮ್ಮ, ಎಲ್ಲಕ್ಕಿಂತ ಕ್ರೂರವಾದದ್ದು. ಆರು ಜ್ಯೂರಿ, ಒಬ್ಬ ನ್ಯಾಯಾಧೀಶ, ಜ್ಯೂರಿಯ ಮುಖಂಡ, ಇವರ ಹೆಸರಾದರೂ ಪಟ್ಟಿಯಲ್ಲಿತ್ತು. ಆ ಗುಂಡಿನಿಂದ ಸತ್ತವರಿಗೆ ಹೆಸರೇ ಇಲ್ಲ. ನಾಳೆ ನೀರಿನಲ್ಲಿ ಮುಳುಗಿದ ಹುಡುಗ, ಹೆರಿಗೆಯಲ್ಲಿ ಹೋದ ತಾಯಿ. ಗಿಬ್ಬನ್ ಆ ರಾತ್ರಿ ಒಬ್ಬ ರೋಗಿಯನ್ನ ಕಳೆದುಕೊಂಡ. ಅವನಿಗೂ ಸಿಟ್ಟು ಬಂದಿರಬೇಕು. ಆ ಸಿಟ್ಟನ್ನ ಇಪ್ಪತ್ತೆರಡು ವರ್ಷ ಬೆಕ್ಕುಗಳ ಮೇಲೆ, ಕೊಳವೆಗಳ ಮೇಲೆ, ಕೆಟ್ಟುಹೋದ ಪಂಪುಗಳ ಮೇಲೆ ಸವೆಸಿದ. ನಡುವೆ ಯುದ್ಧಕ್ಕೆ ಹೋಗಿ ಬಂದ. 1953ರಲ್ಲಿ ಗೆದ್ದ ಮೇಲೆ ಮುಂದಿನ ರೋಗಿಗಳು ಉಳಿಯಲಿಲ್ಲ ಅಂತ ತಾನೇ ಕತ್ತರಿ ಕೆಳಗಿಟ್ಟ, ಆದರೆ ಯಂತ್ರವನ್ನ ಒಡೆಯಲಿಲ್ಲ. ಅದರ ಮಾದರಿಯನ್ನ ಮೇಯೋ ಕ್ಲಿನಿಕ್ಕಿನ ಜಾನ್ ಕರ್ಕ್ಲಿನ್ ತಿದ್ದಿ ಬೆಳೆಸಿ 1955ರಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ಆಪರೇಷನ್ ಮಾಡಿದ. ಅಲ್ಲಿಂದ ನಮ್ಮ ಓಟಿಯವರೆಗೆ ಬಂತು.

— ನೀವು ಸಿನಿಮಾದ ಪಾತ್ರವನ್ನ ಬದುಕಿದ್ದ ಮನುಷ್ಯನ ಪಕ್ಕ ನಿಲ್ಲಿಸಿ ತೂಗ್ತಿದ್ದೀರಿ. ವಕೀಲಳಾಗಿ ನಾನು ಆಕ್ಷೇಪಣೆ ಎತ್ತಬೇಕು. ಗಿಬ್ಬನ್‌ನನ್ನ ಯಾರೂ ನೇಣಿಗೆ ಹಾಕಿರಲಿಲ್ಲ.

— ನ್ಯಾಯವಾದ ಆಕ್ಷೇಪಣೆ. ಇನ್ನೇನಾದರೂ ಇದೆಯಾ?

— ಇದೆ. ಆ ಮೇಜಿನಿಂದ ಎದ್ದವಳು ಜ್ಯಾನೆಟ್. ಸಾವಾರ್ಡ್‌ನ ಪಕ್ಕ ಕೆಲಸ ಮಾಡಿದ ನರ್ಸು ಬೆಟಿ ಬದುಕಿದ್ದಾಳೆ, ಆ ಯಂತ್ರದ ಕೊಳವೆಗಳನ್ನ ಕೈಯಿಂದ ಜೋಡಿಸಿದವಳು. ಮುಂದಿನ ಕಥೆ ಬರೆಯೋದಿದ್ದರೆ ಕೊಲಂಬಿಯಾದವರು ಈ ಇಬ್ಬರು ಹೆಂಗಸರನ್ನ ಕೇಳಬೇಕಿತ್ತು. ಅವರು ಮಾಡಿದ್ದೇನು?

— ಅದೇ ಕಾರ್ಲಾಫ್, ಅದೇ ಗ್ರಿಂಡ್, ಅದೇ ಬ್ರೌನ್. 1940ರಲ್ಲಿ 'ದಿ ಮ್ಯಾನ್ ವಿತ್ ನೈನ್ ಲೈವ್ಸ್'. ಮತ್ತೆ ಒಬ್ಬ ವೈದ್ಯ, ಈ ಸಲ ದೇಹವನ್ನ ಹಿಮದಲ್ಲಿ ಹೂತಿಟ್ಟು ರೋಗ ವಾಸಿ ಮಾಡೋಕೆ ಹೊರಟವನು. ಅದೂ ಒಂದೂಕಾಲು ಗಂಟೆ ಮೀರೋದಿಲ್ಲ.

— ಹಾಕಿ. ನೋಡಿಬಿಡೋಣ. ಅದರಲ್ಲೂ ನರ್ಸ್ ಇದ್ದಾಳಾ?

— ಇದ್ದಾಳೆ.